ಸೇಬು ಎಂದು ಬಡಿಸಿದ ಚಿಕ್ಕು

ಕಾಕು, ಅದು ಸೇಬಾಗಿರಲಿಲ್ಲ. ಚಿಕ್ಕು. ಗೊತ್ತಿದ್ದೇ ನಿಮಗೆ ಬಡಿಸಿದೆ — ಒಂದಲ್ಲ, ಎರಡು ಸಲ.

ಅದಾಗಿ ನಾಲ್ಕು ವರ್ಷ ಒಂದು ತಿಂಗಳಾಯಿತು. ಬೈಲಹೊಂಗಲದಲ್ಲಿ ನಿಮ್ಮ ಮನೆಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದಾಗ ನನಗೆ ಇಪ್ಪತ್ತಮೂರು. ಶಾಲೆಯಲ್ಲಿ ಪಾಠ ಮಾಡುವುದು, ಬಂದು ಬಾಗಿಲು ಹಾಕಿಕೊಳ್ಳುವುದು. ಯಾರೊಂದಿಗೂ ಒಂದು ಮಾತೂ ಆಡದೆ ಕಳೆದ ರವಿವಾರಗಳಿಗೆ ಡೈರಿಯಲ್ಲಿ ಗೆರೆ ಎಳೆಯುತ್ತಿದ್ದೆ. ಹನ್ನೊಂದು ಗೆರೆಯಾದಾಗ ಹೆದರಿಕೆಯಾಯಿತು. ಆಗ ಹಿಡಿದದ್ದು ಕಾಬ್ಲರ್ ಎಂಬ ಸಿಹಿ ಮಾಡುವ ಹುಚ್ಚು — ಫೋನಿನಲ್ಲಿ ನೋಡಿದ್ದು. ಬೆಲ್ಲದಲ್ಲಿ ಕುದಿಸಿದ ಹಣ್ಣಿನ ಮೇಲೆ ಬೆಣ್ಣೆ ಹಾಕಿ ಕಲಸಿದ ಹಿಟ್ಟನ್ನು ಚಮಚದಿಂದ ಅಲ್ಲಲ್ಲಿ ಇಟ್ಟು ಕೆಂಪಗೆ ಬೇಯಿಸುವುದು. ಓವನ್ ಇರಲಿಲ್ಲ. ದಪ್ಪ ತಳದ ಪಾತೇಲಿಯಲ್ಲಿ ಮರಳು ಹಾಸಿ, ಕಾಯಿಸಿ, ಹಣ್ಣಿನ ಬಟ್ಟಲನ್ನು ಅದರೊಳಗಿಟ್ಟು, ಮುಚ್ಚಳದ ಮೇಲೆ ಕಲ್ಲು ಹೇರುತ್ತಿದ್ದೆ.

ಪ್ರತಿ ಸಲವೂ ಬರೆದಿಟ್ಟಿದ್ದೇನೆ: ಹಣ್ಣು, ನಿಮಿಷ, ತಿಂದವರು. ಮೊದಲ ಸಲ ಪೇರಲ, ತಳ ಹತ್ತಿತು. ಮೂರನೆಯ ಸಲ ಮಾವು, ಹಿಟ್ಟು ಹಸಿ. ಆರು ಸಲವೂ ಕೊನೆಯ ಸಾಲಿನಲ್ಲಿ ಒಂದೇ ಪದ — ನಾನು.

ಏಳನೆಯದು ಚಿಕ್ಕು. ನಲವತ್ತೆರಡು ನಿಮಿಷ. ಅವತ್ತು ಸರಿ ಬಂತು. ಮುಚ್ಚಳ ತೆಗೆದು ಅದರೆದುರು ಒಬ್ಬಳೇ ಕೂತಿದ್ದೆ. ನಿಮ್ಮ ಯಜಮಾನರು ಕಾಕಾ ತೀರಿಕೊಂಡ ಮೇಲೆ ನೀವು ಕಾಶಿಗೆ ಹೋಗಿ, ನಿಮಗೆ ಎಲ್ಲಕ್ಕಿಂತ ಇಷ್ಟದ ಈ ಹಣ್ಣನ್ನೇ ಇನ್ನು ತಿನ್ನುವುದಿಲ್ಲವೆಂದು ಅವರ ಹೆಸರಿನಲ್ಲಿ ಬಿಟ್ಟು ಬಂದಿದ್ದೀರೆಂದು ನನಗೆ ಗೊತ್ತಿತ್ತು. ಆದ್ದರಿಂದಲೇ ನಿಮ್ಮನ್ನು ಕರೆದಿರಲಿಲ್ಲ. ಆದರೆ — ಬೇಡ, ಇದು ನೆವ ಹೇಳಿದಂತಾಗುತ್ತದೆ.

ವಾಸನೆ ಹಿಡಿದು ನೀವೇ ಮೆಟ್ಟಿಲು ಹತ್ತಿ ಬಂದಿರಿ.

"ಏನ ಸುಡ್ಲಿಕ್ಕೆ ಹತ್ತೀ ತಂಗಿ? ಇಡೀ ಓಣಿ ಘಮ್ ಅನ್ಲಿಕ್ಕೆ ಹತ್ತದ. ಮನಿ ನಂದದ, ನೆನಪಿರ್ಲಿ ಮತ್ತ!"

ನಗುತ್ತ ನೆಲದ ಮೇಲೆ ಕೂತಿರಿ. "ಯಾವ ಹಣ್ಣು? ಚಿಕ್ಕು ಒಂದ ಬಿಟ್ಟು ಏನ ಕೊಟ್ರೂ ತಿಂತೇನಿ."

ಚಿಕ್ಕು ಎಂದಿದ್ದರೆ ನೀವು ಮೊಣಕಾಲು ಹಿಡಿದುಕೊಂಡು ಎದ್ದು ಹೋಗುತ್ತಿದ್ದಿರಿ. ಅಷ್ಟೇ. ಮತ್ತೆ ನಾನು, ನನ್ನ ಪಾತೇಲಿ.

"ಸೇಬರಿ, ಕಾಕು," ಎಂದೆ. "ಬೆಲ್ಲದಾಗ ಕುದಿಸೇನಿ, ಅದಕ್ಕ ಬಣ್ಣ ಹಂಗ ಆಗೇದರಿ."

ಎರಡನೆಯ ತುತ್ತಿಗೆ ನಿಮ್ಮ ಕೈ ನಿಂತಿತು. ನನ್ನ ಮುಖ ನೋಡಿದಿರಿ. "ಸೇಬ ಅಂದ್ಯಲ್ಲಾ?"

"ಹೌದರಿ."

"ಹಂಗಾರ ಇನ್ನೊಂದೀಟು ಹಾಕು."

ಹಾಕಿದೆ. ಆ ದಿನದ ಡೈರಿಯಲ್ಲಿ ಹಣ್ಣು ಎಂಬಲ್ಲಿ ಸೇಬು ಎಂದೇ ಬರೆದೆ. ನನ್ನ ಬಿಟ್ಟು ಯಾರೂ ಓದದ ಪುಸ್ತಕದಲ್ಲಿ — ಯಾರಿಂದ ಮುಚ್ಚಿಟ್ಟೆನೋ. ತಿಂದವರು: ನಾನು, ಕಾಕು. ಆ ಎರಡನೆಯ ಹೆಸರನ್ನು ಎಷ್ಟು ಸಲ ನೋಡಿದೆನೆಂದರೆ ಈಗ ಹೇಳಲು ನಾಚಿಕೆಯಾಗುತ್ತದೆ.

ಮೂರು ವಾರದ ಮೇಲೆ ಬಟ್ಟೆಯ ಬಕೆಟ್ಟು ಹಿಡಿದು ಇಳಿಯುತ್ತಿದ್ದೆ. ಕಟ್ಟೆಯ ಮೇಲೆ ನೀವು ಪಕ್ಕದ ಮನೆಯವರಿಗೆ ಹೇಳುತ್ತಿದ್ದಿರಿ: "ಒಂಬತ್ತು ವರ್ಷಾತು ನೋಡ್ರಿ, ಚಿಕ್ಕು ನಾಲಿಗಿಗೆ ಹಚ್ಚಿಲ್ಲ. ಅವರ ಸಲುವಾಗಿ ನಾ ಏನೂ ಮಾಡ್ಲಿಲ್ಲ. ಅದೊಂದಾದ್ರೂ ನಡೀಲಿ."

ನಾನು ಬಕೆಟ್ಟಿನೊಂದಿಗೆ ಹಾಗೇ ಮೇಲೆ ಹತ್ತಿದೆ.

ಆಮೇಲೆ ನೀವು ಕೂಗಿದಾಗಲೆಲ್ಲ ತಲೆನೋವೆಂದೆ, ಪೇಪರ್ ತಿದ್ದುವುದಿದೆ ಎಂದೆ. ನೀವು ಕರೆಯುವುದನ್ನು ಬಿಟ್ಟಿರಿ. ರಾಮದುರ್ಗಕ್ಕೆ ವರ್ಗವಾದಾಗ ನೀವು ಗುಡಿಗೆ ಹೋದ ಹೊತ್ತು ನೋಡಿ ಕೀಲಿಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಬಂದೆ. ಇಲ್ಲಿಯೂ ಕೋಣೆಯೇ. ಗೆರೆ ಎಳೆಯುವುದನ್ನು ಬಿಟ್ಟಿದ್ದೇನೆ — ಎಲ್ಲ ರವಿವಾರವೂ ಅಂಥದ್ದೇ, ಎಣಿಸುವಂಥದ್ದೇನಿಲ್ಲ.

ನಿಮಗೆ ರುಚಿ ಸಿಕ್ಕಿತ್ತೇನೋ, ಗೊತ್ತಾಗಿಯೇ ನನ್ನ ಮುಖ ನೋಡಿ ತಿಂದಿರೇನೋ ಎಂದು ಎಷ್ಟೋ ದಿನ ಸಮಾಧಾನ ಮಾಡಿಕೊಂಡೆ. ಹಾಗೆ ಅಂದುಕೊಳ್ಳುವುದು ಇನ್ನೂ ದೊಡ್ಡ ತಪ್ಪು. ನಾನು ಮುರಿದ ನಿಮ್ಮ ವ್ರತವನ್ನು ನೀವೇ ಮುರಿದಿರಿ ಎಂದಂತೆ. ನೀವು ನನ್ನ ಮಾತನ್ನು ನಂಬಿ ತಿಂದಿರಿ. ಇಷ್ಟೇ ನಿಜ.

ಇದನ್ನು ಅಂಚೆಗೆ ಹಾಕುವುದಿಲ್ಲ. ನಿಮ್ಮ ಕಣ್ಣು ಆಗಲೇ ಮಂಜಾಗಿತ್ತು. ಯಾರಾದರೂ ಓದಿ ಹೇಳಬೇಕಾಗುತ್ತದೆ. ಇದು ಇನ್ನೊಬ್ಬರ ಬಾಯಿಂದ ನಿಮಗೆ ಗೊತ್ತಾಗಬಾರದು. ಬರುವ ರವಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಕೈಯಲ್ಲಿ ಏನೂ ತರುವುದಿಲ್ಲ. ಚಪ್ಪಲಿ ಬಿಡುವ ಮೊದಲು, ನೀವು "ಬಾ, ಕೂಡು" ಎನ್ನುವ ಮೊದಲು, ಹೊಸ್ತಿಲಾಚೆ ನಿಂತು ಹೇಳುತ್ತೇನೆ. ಆಮೇಲೆ ಕರೆಯುವುದು, ಬಿಡುವುದು ನಿಮಗೆ ಬಿಟ್ಟದ್ದು.