ಕಾರ್ನೆಟ್ಟಿನಿಂದ ಟ್ಯೂಬಾಕ್ಕೆ

ನನ್ನ ಸೋದರಮಾವ ನೂಲಿನ ಗಿರಣಿಯಲ್ಲಿ ಫಿಟ್ಟರ್. ಗಿರಣಿಯ ಬ್ಯಾಂಡಿನಲ್ಲಿ ಮೊದಲ ಕಾರ್ನೆಟ್. ನನಗೆ ಊದಲು ಕಲಿಸಿದವನೂ ಅವನೇ. ವಾದ್ಯಗಳ ಕುಲಗೋತ್ರವನ್ನು ಅವನ ಬಾಯಲ್ಲೇ ಕೇಳಬೇಕು.

"ಕೊಳವೆ ಬಾಯಿಂದ ಬುಡದ ತನಕ ಅಗಲ ಆಗ್ತಾ ಹೋದ್ರೆ ಅದು ನಮ್ಮನೆಯವ್ರು. ಕಾರ್ನೆಟ್ ಕಿರಿಮಗಳು, ಎತ್ತರದ ದನಿ. ಆಮೇಲೆ ಹಾರ್ನ್, ಅದಕ್ಕಿಂತ ಕೆಳಗೆ ಯುಫೋನಿಯಂ. ಎಲ್ಲಕ್ಕಿಂತ ತಳದಲ್ಲಿ ಟ್ಯೂಬಾ ತಾತ. ಟ್ರಂಪೆಟ್, ಟ್ರೊಂಬೋನ್ ಕೊಳವೆ ಬಹುಪಾಲು ಒಂದೇ ಅಗಲ. ಅವ್ರು ಬೀಗರು. ಮರ್ಯಾದೆ ಕೊಡು, ಸಲಿಗೆ ಬೇಡ."

ಮಾವ ಹೇಳುವ ಆ 'ನಮ್ಮನೆ'ಯ ವಾದ್ಯಗಳಿಗೆಲ್ಲ ಬೆರಳಿನ ಲೆಕ್ಕ ಒಂದೇ, ತುಟಿ ಮಾತ್ರ ಬೇರೆ ಥರ ಹಿಡಿಯಬೇಕು. ಒಂದು ಬಲ್ಲವನನ್ನು ಇನ್ನೊಂದಕ್ಕೆ ಹಾಕುವುದು ಸುಲಭ. ಇದೇ ಮಾವನಿಗೆ ಮುಳುವಾಯಿತು. ಮುಂದಿನ ಹಲ್ಲು ಸಡಿಲವಾಗಿ ಎತ್ತರದ ಸ್ವರ ಒಡೆಯತೊಡಗಿದಾಗ ಬ್ಯಾಂಡ್ ಮಾಸ್ತರು ಅವನನ್ನು ಹಾರ್ನಿಗೆ ಇಳಿಸಿದರು. ಹಲ್ಲು ಬಿದ್ದ ಮೇಲೆ ಟ್ಯೂಬಾಕ್ಕೆ. ಕಾರ್ನೆಟ್ ನನ್ನ ಕೈಗೆ ಬಂತು. ಬಾಯಿ ಬೆಲ್ಲ, ಕರುಳು ಕತ್ತರಿ ಎನ್ನುವುದು ಆ ಮಾಸ್ತರಿಗೆಂದೇ ಹೇಳಿ ಮಾಡಿಸಿದ ಮಾತು.

ಅಷ್ಟರಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದಳು. ಒಂದು ದಿನ ನನ್ನೆದುರೇ ಹೇಳಿದಳು: "ರೀ, ನನ್ನನ್ನ ಕಳಿಸೋವಾಗ ಬ್ಯಾಂಡ್ ಬರತ್ತಲ್ಲ, ರಾಗ ನೀವೇ ಊದಬೇಕು. ಬೇರೆಯವ್ರದು ಬೇಡ."

"ಬಿಡ್ತು ಅನ್ನು," ಎಂದ ಮಾವ. ಹಲ್ಲು ಕಟ್ಟಿಸಿಕೊಂಡರೆ ಎಲ್ಲ ಸರಿಹೋಗುತ್ತದೆಂದು ಅವಳು ನಂಬಿದ್ದಳು. ಟ್ಯೂಬಾಕ್ಕೆ ಇಳಿದದ್ದನ್ನು ಅವನು ಹೇಳಿರಲೇ ಇಲ್ಲ. ಹಲ್ಲು ಕಟ್ಟಿಸಿಕೊಂಡು ಕಾರ್ನೆಟ್ ಊದಿಯೂ ನೋಡಿದ. ಸೆಟ್ಟೇ ಜಾರಿ ಅಂಗೈಗೆ ಬಂತು. ಇಬ್ಬರೂ ನಕ್ಕೆವು. ಅವನ ಕಣ್ಣಲ್ಲಿ ನೀರಿತ್ತು.

ಅತ್ತೆ ತೀರಿಕೊಂಡಳು. ಹೆಣದ ಮುಂದೆ ನಾವು ನಿಧಾನದ ನಡಿಗೆಯ ರಾಗ ಹಿಡಿದೆವು. ಟ್ಯೂಬಾದವನ ಕೆಲಸ ತಳದ ಒಂದೊಂದೇ ಸ್ವರ ಹಿಡಿದು ನಡೆಯುವುದು. ಗಿರಣಿಯ ಗೇಟು ದಾಟುತ್ತಿದ್ದಂತೆ ಹಿಂದಿನಿಂದ ನನ್ನ ರಾಗವೇ ಕೇಳಿಸಿತು, ಎರಡು ಸ್ಥಾಯಿ ಕೆಳಗೆ, ಗೊಗ್ಗರಾಗಿ. ಮಾವನ ಬೆರಳು ಹಳೆಯ ದಾರಿ ಹಿಡಿದಿತ್ತು. ಮಾಸ್ತರು ಕೆಂಗಣ್ಣು ಬಿಟ್ಟರು. ದಾರಿಬದಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಕಾರ್ನೆಟ್ ಕೆಳಗಿಳಿಸಿದೆ. ಒಬ್ಬೊಬ್ಬರಾಗಿ ಉಳಿದವರೂ ನಿಲ್ಲಿಸಿದರು. ಕೋಣದ ಗಂಟಲಿನಂಥ ಆ ಒಂದೇ ದನಿ ಸ್ಮಶಾನದವರೆಗೂ ನಡೆಯಿತು.

ಮಣ್ಣು ಹಾಕಿ ಬರುವಾಗ ಮಾವ ನನ್ನ ತೋಳು ಹಿಡಿದ. "ನಾನೇ ಅಂತ ಗೊತ್ತಾಗಿರತ್ತೇನೋ ಅವಳಿಗೆ?"

"ಗೊತ್ತಾಗದೆ ಇರತ್ತಾ ಮಾವ," ಎಂದೆ.

ಟ್ಯೂಬಾ ಗಿರಣಿಯ ಬ್ಯಾಂಡ್ ಕೋಣೆಯಿಂದ ಮನೆಗೆ ಬಂದದ್ದೇ ಇಲ್ಲ. ಆ ದನಿಯನ್ನು ಅತ್ತೆ ಒಮ್ಮೆಯೂ ಕೇಳಿರಲಿಲ್ಲ.