ಎಲೆಕ್ಷನ್ ಮುಗೀಲಿ

ಈಸ್ಟರ್ ರಜೆ ಮುಗಿದ ಮಂಗಳವಾರ ನಾನು, ನಮ್ಮನೆಯವರು, ಮಗಳು ಮೂವರೂ ಮ್ಯೂನಿಕ್ ವಿಮಾನ ನಿಲ್ದಾಣದಲ್ಲಿ ಪ್ರೆಟ್ಸೆಲ್ ಮುರಿದುಕೊಂಡು ತಿನ್ನುತ್ತ ಕೂತಿದ್ದೆವು. ನಮ್ಮನೆಯವರು ಇಂಗ್ಲೆಂಡಿಗೆ ವಾಪಸ್ ಹೊರಟಿದ್ದರು. ನಮ್ಮ ಕಡೆ ಗಂಡನಿಗೆ ಮನೆಯವರು ಅನ್ನುವುದು ರೂಢಿ. ಮನೆಯಲ್ಲಿ ಇರದ ಗಂಡನಿಗೆ ಏನನ್ನಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಅವರು ಬರ್ಮಿಂಗ್‌ಹ್ಯಾಮ್ ಹತ್ತಿರದ ಒಂದು ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್, ನಾನು ರೇಗನ್ಸ್‌ಬರ್ಗ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಪುಣೆಯಲ್ಲಿ ಒಂದೇ ಕಡೆ ಕೆಲಸ ಮಾಡುತ್ತಿದ್ದವರು. ಅವರನ್ನು ಅಲ್ಲಿಗೆ ಕಳಿಸಿದರು, ನನಗೆ ಇಲ್ಲಿ ಸಿಕ್ಕಿತು. ಹೆಚ್ಚೆಂದರೆ ಒಂದು ವರ್ಷದ ಮಾತು ಅಂದುಕೊಂಡಿದ್ದೆವು. ಮಗಳು ನನ್ನ ಹತ್ತಿರ ಬೆಳೆದಳು.

ಆ ಒಂದು ವರ್ಷ ಹೇಗೆ ಹಿಗ್ಗುತ್ತ ಹೋಯಿತು ಅಂತ ಈಗ ಕೇಳಿದರೆ ನನಗೆ ನೆನಪಾಗುವುದು ಕಾರಣಗಳು ಮಾತ್ರ. ಮೊದಲು, ಬ್ರಿಟನ್ ಯುರೋಪಿನ ಒಕ್ಕೂಟದಲ್ಲಿ ಇರುತ್ತದೋ ಬಿಡುತ್ತದೋ ಎಂದು ಜನ ಓಟು ಹಾಕಲಿ, ಆಮೇಲೆ ನೋಡೋಣ ಅಂದರು ನಮ್ಮನೆಯವರು. ಜನ ಬಿಡುತ್ತೇವೆ ಅಂದರು. ಹಾಗಾದರೆ ಬಿಡುತ್ತೇವೆಂದು ಸರ್ಕಾರ ಕಾಗದ ಕೊಡಲಿ, ಆಮೇಲೆ ನೋಡೋಣ ಅಂದರು. ಕಾಗದವನ್ನೂ ಕೊಟ್ಟರು. ನಾನು ಹೊರಡಬೇಕೋ, ಅವರು ಬರಬೇಕೋ ಎಂಬ ಪ್ರಶ್ನೆ ಮಾತ್ರ ಅಲ್ಲೇ ಬಿದ್ದಿತ್ತು. ಇಬ್ಬರಿಗೂ ಒಳ್ಳೆಯ ಕೆಲಸ, ಇಬ್ಬರಿಗೂ ಬಿಡುವ ಧೈರ್ಯ ಇಲ್ಲ.

ಆ ಈಸ್ಟರ್‌ನಲ್ಲಿ ಅಂತೂ ಇತ್ಯರ್ಥವಾಗಿತ್ತು. ಮಗಳು ಸೆಪ್ಟೆಂಬರ್‌ನಲ್ಲಿ ಒಂದನೇ ಕ್ಲಾಸಿಗೆ ಹೋಗುವವಳು. ಶಾಲೆ ಅಂತ ಶುರುವಾದ ಮೇಲೆ ಮಗುವನ್ನು ಕಿತ್ತು ಬೇರೆ ಕಡೆ ನೆಡಲಿಕ್ಕಾಗದು. ಹಾಗಾಗಿ ಅವರೇ ಬರುವುದು, ಮಗಳ ಶಾಲೆ ಶುರುವಾಗುವ ಮುಂಚೆ ಇಲ್ಲೇ ಇರುವುದು. ನಮ್ಮ ಕಂಪನಿಯಲ್ಲೇ ಅವರಿಗೆ ಹೊಂದುವ ಒಂದು ಜಾಗ ಖಾಲಿ ಇತ್ತು, ಮಾತೂ ಆಗಿತ್ತು, ಹೂಂ ಅನ್ನುವುದೊಂದೇ ಬಾಕಿ. ಹುಬ್ಬಳ್ಳಿಯಲ್ಲಿ ದೊಡ್ಡ ಮಗನ ಮನೆಯಲ್ಲಿರುವ ನಮ್ಮ ಅತ್ತೆ ಪಂಚಾಂಗ ನೋಡಿ, ಅಕ್ಷಯ ತೃತೀಯಾ ದಿನ ಹೂಂ ಅನ್ನಿ, ಆಷಾಢ ಹಿಡಿಯೂದರೊಳಗ ಬಂದುಬಿಡಲಿ ಎಂದು ಹೇಳಿದ್ದರು. ನಮ್ಮನೆಯವರು ನಕ್ಕಿದ್ದರು. ಪಂಚಾಂಗ ಅಂದರೆ ಅವರಿಗೆ ಮೊದಲಿನಿಂದಲೂ ನಗು.

ಪ್ರೆಟ್ಸೆಲ್ ಮುಗಿಯುವ ಹೊತ್ತಿಗೆ ಅವರ ಫೋನು ಒಂದೇ ಸಮ ಗುಂಯ್‌ಗುಡತೊಡಗಿತು. ಓದಿದರು. ಮತ್ತೆ ಓದಿದರು.

"ಎಲೆಕ್ಷನ್ ಹಚ್ಯಾರ," ಅಂದರು.

"ಎಲ್ಲೆ? ಕರ್ನಾಟಕದಾಗೇನು?"

"ಅಲ್ಲ, ಬ್ರಿಟನ್ನಿನಾಗ. ಜೂನ್‌ನಾಗ ಅಂತ."

ಇಲ್ಲ, ಇಲ್ಲ, ನಡುವೆ ಚುನಾವಣೆ ಇಲ್ಲವೇ ಇಲ್ಲ ಎನ್ನುತ್ತಿದ್ದ ಪ್ರಧಾನಿಯೇ ತಮ್ಮ ಮನೆ ಬಾಗಿಲಿಗೆ ಬಂದು ನಿಂತು ಇದೆ ಅಂದುಬಿಟ್ಟಿದ್ದರು. ನಮ್ಮ ಎದುರಿನ ಚೆಕ್-ಇನ್ ಸಾಲಿನಲ್ಲಿ ನಿಂತ ಇಂಗ್ಲಿಷರ ಕೈಯಲ್ಲೆಲ್ಲ ಅದೇ ಸುದ್ದಿ. ವಯಸ್ಸಾದ ಒಬ್ಬಾಕೆ ಫೋನು ಓದಿ ಗಂಡನಿಗೆ ತೋರಿಸಿದಳು. ಆತ ಸೂರು ನೋಡಿ, ಸದ್ದಿಲ್ಲದೆ ನಕ್ಕ. ಆಕೆ ಫೋನನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದಳು, ಇನ್ನು ತೆಗೆಯುವುದಿಲ್ಲ ಅನ್ನುವ ಹಾಗೆ. ಹಿಂದಿದ್ದವನೊಬ್ಬ ಜೋರಾಗಿಯೇ ಬೈದ; ಯಾರೂ ತಿರುಗಿ ನೋಡಲಿಲ್ಲ. ಸಂತೋಷಪಟ್ಟವರು, ಸಿಟ್ಟಾದವರು ಅಂತ ಟೀವಿಯವರು ಆಮೇಲೆ ಬಹಳ ಜನರನ್ನು ತೋರಿಸಿದರು. ನಾನು ಕಂಡದ್ದು ಸುಸ್ತಾದವರನ್ನು. ಅವರ ಮುಖ ಕಂಡು ನನಗೆ ಪಾಪ ಅನಿಸಿತು, ಒಂದೇ ನಿಮಿಷ.

ಯಾಕೆಂದರೆ ಅಷ್ಟರಲ್ಲಿ ನಮ್ಮನೆಯವರು ಗಂಟಲು ಸರಿಮಾಡಿಕೊಂಡಿದ್ದರು. ಅವರು ಗಂಟಲು ಸರಿಮಾಡಿಕೊಂಡರೆ ಮುಂದಿನ ಮಾತು ನನಗೆ ಬಾಯಿಪಾಠ.

"ಈಗ ಕೆಲಸ ಬಿಡ್ತೀನಂತ ನೋಟಿಸ್ ಕೊಡೂದು ಶಾಣ್ಯಾತನ ಅಲ್ಲ. ಹೊಸಾ ಮಾಡೆಲ್ಲು ನಮ್ಮ ಪ್ಲಾಂಟಿಗೇ ಬರ್ತದೇನೋ. ಬಹುಮತ ಬಂತು ಅಂದ್ರ ಎಲ್ಲಾ ಕ್ಲಿಯರ್ ಆಗ್ತದ. ಎಲೆಕ್ಷನ್ ಒಂದು ಮುಗೀಲಿ."

"ಮುಗೀಲಿ ಬಿಡ್ರಿ," ಅಂದೆ. ಜಗಳಾಡಬೇಕಿತ್ತು. ಆದರೆ ಜಗಳಕ್ಕೂ ಒಂದಿಷ್ಟು ಹುರುಪು ಬೇಕು, ನನ್ನಲ್ಲಿ ಇರಲಿಲ್ಲ. ರೇಗನ್ಸ್‌ಬರ್ಗ್‌ಗೆ ವಾಪಸಾಗಲು ಬಸ್ಸು, ರೈಲು ಎರಡೂ ಹತ್ತಬೇಕಿತ್ತು, ಮಗಳಿಗೆ ನಿದ್ದೆ ಬಂದಿತ್ತು. ಅವಳು ಅಪ್ಪನ ಜಾಕೆಟ್ಟಿನ ತುದಿ ಹಿಡಿದು ಜರ್ಮನ್‌ನಲ್ಲಿ ಒಂದೇ ಮಾತು ಕೇಳಿದಳು: ಶಾಲೆ ಶುರುವಾಗುವಾಗ ನೀನು ಇಲ್ಲಿರ್ತೀಯಲ್ಲ?

"ಇರ್ತೀನವಾ, ಇರದ ಏನು," ಅಂದರು ಅವರು ಕನ್ನಡದಲ್ಲಿ. ಅವರಿಬ್ಬರ ಮಾತುಕತೆ ಯಾವಾಗಲೂ ಹಾಗೆಯೇ, ಒಬ್ಬೊಬ್ಬರದು ಒಂದೊಂದು ಭಾಷೆ.

ಮನೆಗೆ ಬಂದು ಮಗಳನ್ನು ಮಲಗಿಸಿ ಕಪಾಟು ತೆರೆದೆ. ಅದರ ಎಡ ಅರ್ಧ ಮೊದಲಿನಿಂದಲೂ ಖಾಲಿ. ಈ ಮನೆಗೆ ಬಂದ ದಿನವೇ ಅವರಿಗೆಂದು ಬಿಟ್ಟದ್ದು. ಅಲ್ಲಿ ಬರೀ ಹ್ಯಾಂಗರುಗಳು ತೂಗುತ್ತಿದ್ದವು. ಅವರು ಬಂದಾಗಲೆಲ್ಲ ಸೂಟ್‌ಕೇಸು ಕಿಟಕಿ ಕೆಳಗೆ ನೆಲದ ಮೇಲೆ ಬಾಯಿ ತೆರೆದು ಬಿದ್ದಿರುತ್ತಿತ್ತು. ಅದರಿಂದಲೇ ಅಂಗಿ ತೆಗೆದು ತೊಟ್ಟು, ಅದಕ್ಕೇ ಮಡಚಿ ಹಾಕುತ್ತಿದ್ದರು. ಕಪಾಟಿನಾಗ ಇಡ್ರಿ ಅಂದರೆ, ನಾಕು ದಿನಕ್ಕ ಯಾಕ ಅನ್ನುತ್ತಿದ್ದರು. ಅದೂ ನಿಜವೇ. ನಾಲ್ಕು ದಿನಕ್ಕೆ ಯಾರು ಬಟ್ಟೆ ಜೋಡಿಸುತ್ತಾರೆ?

ಮರುದಿನ ಆಫೀಸಿನ ಕ್ಯಾಂಟೀನಿನಲ್ಲೂ ಅದೇ ಮಾತು. ಜರ್ಮನ್ ಸಹೋದ್ಯೋಗಿಗಳು "ಮತ್ತೊಮ್ಮೆಯಾ?" ಎಂದು ಹುಬ್ಬೇರಿಸಿ, ಆಲೂಗಡ್ಡೆ ಕಡುಬನ್ನು ಕತ್ತರಿಸುವುದರಲ್ಲಿ ಮಗ್ನರಾದರು. ನಮ್ಮ ವಿಭಾಗದಲ್ಲಿ ಇಂಗ್ಲಿಷ್ ಮನುಷ್ಯನೊಬ್ಬನಿದ್ದ. ಊರು ಬಿಟ್ಟು ಎಷ್ಟೋ ವರ್ಷವಾಗಿ ಅವನಿಗೆ ಅಲ್ಲಿ ಓಟಿನ ಹಕ್ಕೇ ಹೋಗಿತ್ತು. ಓಟು ಹಾಕುವ ಶ್ರಮವೇ ಇಲ್ಲ, ಆದರೂ ನಾನೇ ಊರೆಲ್ಲ ಸುತ್ತಿ ಪ್ರಚಾರ ಮಾಡಿದಷ್ಟು ಸುಸ್ತಾಗುತ್ತದೆ ಅಂದ. ತಮಾಷೆ ನೋಡಿ, ನಮ್ಮನೆಯವರಿಗೆ ಅಲ್ಲಿ ಓಟಿತ್ತು. ಒಂದು ಕಾಲಕ್ಕೆ ನಮ್ಮನ್ನು ಆಳಿದ್ದರ ಲೆಕ್ಕದಲ್ಲೋ ಏನೋ, ಭಾರತದ ಪಾಸ್‌ಪೋರ್ಟಿನವರು ಅಲ್ಲಿ ವಾಸವಾಗಿದ್ದರೆ ಓಟು ಹಾಕಬಹುದು. ಅಲ್ಲೇ ಹುಟ್ಟಿದ ಇವನಿಗಿಲ್ಲ, ನವಲಗುಂದದಲ್ಲಿ ಹುಟ್ಟಿದ ಅವರಿಗುಂಟು. ಇದನ್ನು ಹೇಳಿದಾಗ ಅವನು ಚಮಚ ಕೆಳಗಿಟ್ಟು ನನ್ನನ್ನೇ ನೋಡಿದ. ನಿನ್ನ ಗಂಡನಿಗೆ ಹೇಳು, ನನ್ನದೂ ಸೇರಿಸಿ ಹಾಕಲಿ ಅಂದ.

ಅಕ್ಷಯ ತೃತೀಯಾ ಬಂತು, ಹೋಯಿತು. ನಮ್ಮ ಕಂಪನಿಯವರು ಇನ್ನೊಂದು ವಾರ ಕಾದರು, ಸೌಜನ್ಯಕ್ಕೆ ಮತ್ತೊಂದು ವಾರ ಕಾದರು, ಆಮೇಲೆ ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡರು. ಹೊಸಬ ನನಗೆ ಎರಡು ಮೇಜು ಆಚೆ ಬಂದು ಕೂತ. ಒಳ್ಳೆಯ ಹುಡುಗ, ದಿನಾ ನಗುತ್ತ ಗುಟೆನ್ ಮೋರ್ಗೆನ್ ಹೇಳುತ್ತಿದ್ದ. ಅವನನ್ನು ಕಂಡರೆ ನನಗೆ ಅಳು ಬರುತ್ತಿತ್ತು, ಪಾಪ ಅವನಿಗೇನು ಗೊತ್ತು.

ಜೂನ್‌ನಲ್ಲಿ ನಮ್ಮನೆಯವರು ಓಟು ಹಾಕಿ ಬಂದು ವಿಡಿಯೋ ಕಾಲ್ ಮಾಡಿದರು. ಚರ್ಚಿನ ಹಾಲಿನಲ್ಲಿ ಮತಗಟ್ಟೆ, ಗುರುತು ಹಾಕಲಿಕ್ಕೆ ದಾರ ಕಟ್ಟಿದ ಪೆನ್ಸಿಲ್ಲು. "ಬೆರಳಿಗೆ ಶಾಯೀನೂ ಹಚ್ಚಂಗಿಲ್ಲ ನೋಡು," ಎಂದು ತೋರುಬೆರಳು ಎತ್ತಿ ತೋರಿಸಿದರು. ಅವರು ಬಾಡಿಗೆಗಿದ್ದ ಮನೆಯ ಒಡತಿ ಎಲ್ಲ ಪಕ್ಷದವರ ಕರಪತ್ರಗಳನ್ನೂ ಓದದೆ ರದ್ದಿಗೆ ಹಾಕಿ, ಹೂಗಿಡಕ್ಕೆ ನೀರು ಹಾಕುತ್ತ ಕೂತಳಂತೆ. ಮಗಳು ಪರದೆಗೆ ಮುಖ ಒತ್ತಿ, ಎಲೆಕ್ಷನ್ ಮುಗಿಯಿತಾ ಎಂದು ಕೇಳಿದಳು. ಆ ಪದವನ್ನು ಅವಳು ನಮ್ಮ ಬಾಯಿಂದಲೇ ಕಲಿತಿದ್ದಳು. ಮುಗಿಯಿತು ಅಂದರು. "ಹಾಗಾದರೆ ಬಾ," ಅಂದಳು.

ಫಲಿತಾಂಶ ಬಂದರೆ ಯಾರಿಗೂ ಬಹುಮತ ಇಲ್ಲ. ಇದ್ದ ಬಹುಮತವನ್ನು ಹೆಚ್ಚಿಸಿಕೊಳ್ಳಲು ಹೋದವರು ಇದ್ದದ್ದನ್ನೂ ಕಳೆದುಕೊಂಡಿದ್ದರು. ಹುಬ್ಬಳ್ಳಿಯಿಂದ ಅತ್ತೆಯ ಫೋನು ಬಂತು. ಕರ್ನಾಟಕದವರಿಗೆ ಅತಂತ್ರ ವಿಧಾನಸಭೆಯನ್ನು ಬಿಡಿಸಿ ಹೇಳಬೇಕೇ?

"ಅತಂತ್ರ ಆಗೇದಂತಲ್ಲವಾ. ಎಮ್ಮೆಲ್ಲೆಗೋಳನ್ನ ರಿಸಾರ್ಟಿಗೆ ಒಯ್ದ್ರೇನು?"

ನಗು ತಡೆಯಲಾಗಲಿಲ್ಲ. ಆ ತಿಂಗಳಲ್ಲಿ ನಾನು ನಕ್ಕದ್ದು ಅದೊಂದೇ ಸಲ. ನಕ್ಕ ಮೇಲೆ ಹೇಳಿದೆ, ನಿಮ್ಮ ಮಗ ಈಗ, ಹೊಸ ಸರ್ಕಾರ ನಿಲ್ತದೋ ಬೀಳ್ತದೋ ನೋಡೂಣು ಅನ್ನಲಿಕತ್ತಾರ ಅಂತ. ಅತ್ತೆ ಪಂಚಾಂಗದ ಹಾಳೆ ತಿರುವಿದ ಸದ್ದು ಕೇಳಿಸಿತು.

"ಇನ್ನ ಆಷಾಢ ಬರ್ತದ, ಮನಿ ಬದಲು ಮಾಡೂಹಂಗಿಲ್ಲ. ಆದ್ರ ಆಷಾಢ ಒಂದ ತಿಂಗಳು ಇರ್ತದವಾ. ಯಾವತ್ತ ಮುಗೀತದ ಅಂತ ಪಂಚಾಂಗದಾಗ ಬರದಿರ್ತಾರ. ಅವಂದು ಯಾವತ್ತ ಮುಗೀತದ?"

ಪಂಚಾಂಗ ಕಂಡರೆ ನಗುವ ಮಗನಿಗೆ ತನ್ನದೇ ಪಂಚಾಂಗವಿತ್ತು, ಅದರ ತುಂಬ ರಾಹುಕಾಲ, ಒಂದು ಮುಹೂರ್ತವೂ ಇಲ್ಲ.

ಆಷಾಢ ಮುಗಿದು ಶ್ರಾವಣವೂ ಕಳೆಯಿತು. ಇಲ್ಲಿ ಒಂದನೇ ಕ್ಲಾಸಿಗೆ ಹೋಗುವ ಮಕ್ಕಳು ಮೊದಲ ದಿನ ತಮ್ಮಷ್ಟೇ ಎತ್ತರದ ಕಾಗದದ ಶಂಕುವನ್ನು, ಮಿಠಾಯಿ ಪೆನ್ಸಿಲ್ಲು ತುಂಬಿಸಿ, ಅಪ್ಪಿಕೊಂಡು ಹೋಗುತ್ತಾರೆ. ಅದನ್ನು ತಂದೆತಾಯಿ ಕೈಯಾರೆ ಮಾಡಬೇಕು. ಅಪ್ಪ ಮಾಡಿಕೊಡುತ್ತಾನೆ ಎಂದು ಮಗಳು ಕಾದಳು. ಕಡೆಗೆ ನಾನೇ ಗೋಂದು ಮೆತ್ತಿಕೊಂಡು ಮಾಡಿದೆ. ಅದರ ಮೇಲೆ ಅಂಟಿಸಲು ಅವಳಿಗೆ ಮುಳ್ಳುಹಂದಿಯ ಚಿತ್ರ ಬೇಕಿತ್ತು, ನನಗೆ ಬಂದದ್ದು ಇಲಿ. ಏನೂ ಅನ್ನಲಿಲ್ಲ ಪಾಪ, ಇದೂ ಚೆನ್ನಾಗಿದೆ ಅಂದಳು. ಆರು ವರ್ಷದವಳು ನನ್ನ ಮನಸ್ಸು ಕಾಯುತ್ತಿದ್ದಾಳೆ ಅನಿಸಿ ನನಗೆ ನಾಚಿಕೆಯಾಯಿತು, ಆಮೇಲೆ ಕೆಟ್ಟ ಸಿಟ್ಟು ಬಂತು.

ನಮ್ಮನೆಯವರು ಶಾಲೆಯ ಹಿಂದಿನ ದಿನ ಬಂದರು. ನಾಲ್ಕು ದಿನದ ರಜೆ. ಸೂಟ್‌ಕೇಸು ಕಿಟಕಿ ಕೆಳಗೆ ಹೋಗಿ ಬಾಯಿ ತೆರೆಯಿತು. ಪಿತೃಪಕ್ಷದಾಗ ಕೂಸನ್ನ ಮೊದಲನೇ ಸಲ ಸಾಲಿಗೆ ಕಳಸೂದೇನು ಎಂದು ಅತ್ತೆ ಫೋನಿನಲ್ಲಿ ಪೇಚಾಡಿದರು. ಇಲ್ಲಿನ ಬವೇರಿಯಾ ರಾಜ್ಯ ಸರ್ಕಾರಕ್ಕೆ ಪಿತೃಪಕ್ಷ ಗೊತ್ತಿಲ್ಲ ಅಂದೆ.

ಮರುದಿನ ಬೆಳಿಗ್ಗೆ ಶಾಲೆಯ ಅಂಗಳದ ತುಂಬ ಶಂಕುಗಳು, ಅಜ್ಜ ಅಜ್ಜಿಯರು, ಕ್ಯಾಮರಾಗಳು. ನಮ್ಮನೆಯವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಹಳ ಖುಷಿಯಲ್ಲಿದ್ದರು. ಕ್ಲಾಸಿನ ಟೀಚರು ಬಾಗಿಲಲ್ಲಿ ನಿಂತು ಒಂದೊಂದೇ ಮಗುವಿನ ಕೈ ಕುಲುಕಿ, ನಿನ್ನ ಜೊತೆ ಯಾರು ಬಂದಿದ್ದಾರೆ ಎಂದು ಕೇಳುತ್ತಿದ್ದರು. ನಮ್ಮ ಸರದಿ ಬಂತು. ಮಗಳು ಇಲಿಯ ಶಂಕುವನ್ನು ಒಂದು ಕೈಗೆ ವರ್ಗಾಯಿಸಿಕೊಂಡು, ನನ್ನನ್ನು ತೋರಿಸಿ ಇವಳು ಅಮ್ಮ ಅಂದಳು. ಆಮೇಲೆ ಅವರ ಕಡೆ ತಿರುಗಿ, ಮರ್ಯಾದೆಯಿಂದ, ಯಾರನ್ನೂ ನೋಯಿಸುವ ಯೋಚನೆಯೇ ಇಲ್ಲದೆ, ಜರ್ಮನ್‌ನಲ್ಲಿ ಹೇಳಿದಳು: "ಇವರು ನನ್ನ ಪಾಪಾ. ನಮ್ಮ ಮನೆಗೆ ಬಂದಿರೋ ಅತಿಥಿ."

ಟೀಚರು ನಗುತ್ತ ಅವರ ಕೈಯನ್ನೂ ಕುಲುಕಿದರು. ಅತಿಥಿಗಳನ್ನು ಕೇಳುವುದನ್ನೇ ಕೇಳಿದರು: ಎಷ್ಟು ದಿನ ಇರುತ್ತೀರಿ?

ಅವರಿಗೆ ಅಷ್ಟು ಜರ್ಮನ್ ಬರುತ್ತಿತ್ತು. ಬಾಯಿ ತೆರೆದರು. ಗಂಟಲು ಸರಿಮಾಡಿಕೊಂಡರು. ಮಗಳ ಚೀಲದ ಪಟ್ಟಿ ಬಿಗಿ ಮಾಡತೊಡಗಿದರು. ನಾನು ಸಹಾಯಕ್ಕೆ ಹೋಗಲಿಲ್ಲ. ಅಷ್ಟು ವರ್ಷ ಅವರ ಪರವಾಗಿ ಉತ್ತರ ಕೊಟ್ಟು ಕೊಟ್ಟು ನನಗೆ ಸಾಕಾಗಿತ್ತು. ನಮ್ಮ ಹಿಂದಿನವರು ಮುಂದೆ ಬಂದರು, ಮಗಳು ಒಳಗೆ ಹೋದಳು.

ಕ್ಲಾಸು ಬಿಟ್ಟ ಮೇಲೆ ಮಗಳನ್ನು ಕರೆದುಕೊಂಡು ಮನೆಗೆ ಬಂದೆವು. ಊಟ ಆದ ಮೇಲೆ ನಾನು ಪಾತ್ರೆ ತೊಳೆಯುತ್ತಿದ್ದಾಗ ಮಲಗುವ ಕೋಣೆಯಿಂದ ಹ್ಯಾಂಗರುಗಳ ಸದ್ದು ಕೇಳಿಸಿತು. ಹೋಗಿ ನೋಡಿದರೆ ಕಪಾಟಿನ ಎಡಗಡೆ ಅಂಗಿಗಳು ತೂಗುತ್ತಿದ್ದವು. ಮಗಳು ಬನಿಯನ್, ಕಾಲುಚೀಲ ಒಂದೊಂದೇ ಎತ್ತಿಕೊಡುತ್ತಿದ್ದಳು, ಅವರು ಇಡುತ್ತಿದ್ದರು. ಅಷ್ಟರಲ್ಲಿ ಹುಬ್ಬಳ್ಳಿಯಿಂದ ವಿಡಿಯೋ ಕಾಲ್ ಬಂತು. ಮೊಮ್ಮಗಳ ಶಾಲೆ ಹೇಗಾಯಿತು ಎಂದು ಕೇಳಲು ಬಂದ ಅತ್ತೆಗೆ ಮೊದಲು ಕಂಡದ್ದು ಕಪಾಟು.

"ಏನೋ ಅದು? ಪಿತೃಪಕ್ಷದಾಗ ಏನ್ ಸುರು ಮಾಡ್ದ್ಯೋ?"

"ಏನೂ ಇಲ್ಲವ್ವಾ. ಅಂಗಿ ಇಡ್ಲಿಕತ್ತೀನಿ."

"ಮತ್ತ ನೌಕರಿ?"

"ಇಲ್ಲೇ ಬಂದು ಹುಡುಕ್ತೀನಿ."

ಅತ್ತೆ ಪಂಚಾಂಗದ ಮಾತೆತ್ತಲಿಲ್ಲ. ಸರಗಿನ ತುದಿಯಿಂದ ಕನ್ನಡಕ ಒರೆಸಿಕೊಂಡು, ಆ ನೀಲಿ ಅಂಗಿ ಇಸ್ತ್ರಿ ಕೆಡ್ತದ, ಸರಿಯಾಗಿ ಹಾಕು ಅಂದರು. ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ, ಆದರೆ ಅದಕ್ಕಿಂತ ಮೊದಲು ಸುಸ್ತಾಯಿತು. ಮಂಚದ ತುದಿಗೆ ಕೂತುಬಿಟ್ಟೆ.

ರಜೆ ಮುಗಿದು, ನೋಟಿಸ್ ಕೊಟ್ಟು ಬರಲು ಅವರು ಹೊರಟರು. ಫ್ರೈಸಿಂಗ್‌ನಲ್ಲಿ ರೈಲು ಇಳಿದು ವಿಮಾನ ನಿಲ್ದಾಣದ ಬಸ್ಸಿಗೆ ನಡೆದೆವು. ಸೂಟ್‌ಕೇಸಿನಲ್ಲಿ ಏನೂ ಇರಲಿಲ್ಲ. ಬಸ್ಸಿನ ತನಕ ಅದನ್ನು ಮಗಳೇ ಎಳೆದುಕೊಂಡು ಹೋದಳು.