ಬಾವಿಯ ಸುತ್ತ ನಿಂತ ಮಂದೆ

ನಾನು ಹಲ್ಲಿನ ಸೆಟ್ ಮಾಡುವವಳು. ಚಿತ್ರದುರ್ಗದಲ್ಲಿ ನಮ್ಮ ಮನೆಯ ಹಿಂದಿನ ಕೋಣೆಯೇ ನನ್ನ ಲ್ಯಾಬು. ಡಾಕ್ಟರು ಬಾಯಿಯ ಅಳತೆ ಕಳಿಸುತ್ತಾರೆ. ನಾನು ಮೇಣದಲ್ಲಿ ವಸಡು ತಿದ್ದಿ, ಹಲ್ಲು ಜೋಡಿಸಿ, ಗುಲಾಬಿ ಬಣ್ಣದ ಅಕ್ರಿಲಿಕ್‌ನಲ್ಲಿ ಎರಕ ತೆಗೆದು ಕೊಡುತ್ತೇನೆ. ನನ್ನ ಗಂಡ ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನಾವಿಬ್ಬರೂ ಸೇರಿ ಒಂದು ಆಟ ಕಟ್ಟಿದೆವು. ಅದನ್ನು ಕಟ್ಟುವಾಗ ನಡೆದದ್ದನ್ನು ಇದುವರೆಗೂ ನಾನು ಯಾರಿಗೂ ಪೂರ್ತಿಯಾಗಿ ಹೇಳಿಲ್ಲ.

ಮೇಜಿನ ಮೇಲೆ ಆಡುವ ಆಟ ಅದು. ಬೆರಳುದ್ದದ ಬೊಂಬೆಗಳು, ದಾಳ, ಅಳತೆಯ ಟೇಪು, ಅವು ಓಡಾಡಲು ಒಂದು ಪುಟ್ಟ ನೆಲ. ಕಥೆ ನಡೆಯುವುದು ಬೇರೊಂದು ಗ್ರಹದಲ್ಲಿ. ಮನುಷ್ಯರು ಬಿಟ್ಟುಹೋದ ಯಂತ್ರಗಳು ಅಲ್ಲಿ ತಾವಾಗಿ ನಡೆಯಲು ಕಲಿತು ಮಂದೆಯಾಗಿ ಅಲೆಯುತ್ತಿವೆ. ಎರಡು ಪಾಳೆಯದವರು ಅವನ್ನು ಹಿಡಿಯಲು ಹೊರಡುತ್ತಾರೆ. ಒಬ್ಬೊಬ್ಬ ಆಟಗಾರನ ಕೈಯಲ್ಲಿ ಐದು ಜನ. ಹನ್ನೆರಡು ಯಂತ್ರಗಳ ಮಂದೆ ಮಾತ್ರ ಯಾರದೂ ಅಲ್ಲ, ಅದು ನಿಯಮದ ಪ್ರಕಾರ ತಾನೇ ನಡೆಯುತ್ತದೆ. ಹತ್ತಿರ ಮನುಷ್ಯರಿದ್ದರೆ ದೂರ ಓಡಬೇಕು. ಇಲ್ಲದಿದ್ದರೆ ಜೊತೆಯವರ ಕಡೆ ಸರಿಯಬೇಕು. ಎಷ್ಟು ದೂರ ಎನ್ನುವುದನ್ನು ದಾಳ ಹೇಳುತ್ತದೆ. ಈ ನಿಯಮ ಬರೆದವರು ನನ್ನ ಗಂಡ. ಹಿರಿಯೂರು ತಾಲ್ಲೂಕಿನ ಧರ್ಮಪುರದ ಕಡೆ ಕುರಿಗಳ ಹಿಂದೆ ಬೆಳೆದವರು ಅವರು. ಮಂದೆ ಹೇಗೆ ಯೋಚಿಸುತ್ತದೆ ಎಂದು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಬೊಂಬೆ ಮಾಡುವುದು ನನ್ನ ಪಾಲು. ಮೇಣ ಕೊರೆಯುವ ಅದೇ ಉಪಕರಣ, ವಸಡಿಗೆ ಕಲಸಿ ಉಳಿದ ಅದೇ ಅಕ್ರಿಲಿಕ್. ಹಾಗಾಗಿ ನಮ್ಮ ಯಂತ್ರಗಳೆಲ್ಲ ವಸಡಿನ ಬಣ್ಣದವು. ಬಳಿಯಲು ಬೂದು ಬಣ್ಣ ತಂದಿಟ್ಟಿದ್ದೆ, ಆದರೆ ಹಾಗೇ ಇರಲಿ, ಹೆದರಿಕೆ ಬರುತ್ತೆ ಎಂದರು ಅವರು. ನೆಲ ಮಾಡಿದ್ದೂ ಅವರೇ. ಥರ್ಮಾಕೋಲಿನ ಹಾಳೆ ಕೊರೆದು, ಮೇಲೆ ಪ್ಲಾಸ್ಟರ್ ಬಳಿದು, ಒಂದು ಬೋಳುಗುಡ್ಡ, ಒಂದು ಒಣಹಳ್ಳ, ಅದರ ಪಕ್ಕ ಸಾಲಾಗಿ ನಿಲ್ಲಿಸಿದ ಮೂರು ಕಲ್ಲು.

“ಇದು ಯಾವ ಜಾಗ?” ಎಂದು ಕೇಳಿದ್ದೆ.

“ಯಾವುದೂ ಅಲ್ಲ. ಕೈ ಹೋದ ಹಂಗೆ ಮಾಡ್ದೆ.”

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಆಡಿ ನೋಡುತ್ತಿದ್ದೆವು. ಮೂರನೆಯ ವಾರವೇ ನನಗೆ ಅನುಮಾನ ಬಂತು. ಎಲ್ಲಿಂದ ಆಟ ಶುರುಮಾಡಿದರೂ ಮಂದೆ ಕೊನೆಗೆ ಒಂದೇ ಕಡೆ ಬಂದು ಸೇರುತ್ತಿತ್ತು. ಮೂರು ಕಲ್ಲಿನ ಪಕ್ಕ, ಅಂಗೈಯಗಲ ಜಾಗ ಬಿಟ್ಟು, ಸುತ್ತಲೂ ಬಳೆಯ ಹಾಗೆ ನಿಲ್ಲುತ್ತಿದ್ದವು. ಮುಖವೆಲ್ಲ ಒಳಕ್ಕೆ. ದಾಳ ಬದಲಿಸಿದೆವು. ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕುಳಿತು ಆಡಿದೆವು. ಅವರು ಗ್ರಾಫ್ ಹಾಳೆಯಲ್ಲಿ ಒಂದೊಂದು ನಡೆಯನ್ನೂ ಗುರುತು ಹಾಕಿದರು. ಮತ್ತೆ ಅದೇ ಬಳೆ, ನಡುವೆ ಅದೇ ಖಾಲಿ. ಹೊರಗೆ ರಣಬಿಸಿಲು, ಬೀದಿಯಲ್ಲಿ ತರಕಾರಿಯವನ ಕೂಗು. ಹಾಡಹಗಲು. ಆದರೂ ಆ ಹನ್ನೆರಡು ಗುಲಾಬಿ ತಲೆಗಳು ಏನನ್ನೋ ಬಗ್ಗಿ ನೋಡುವುದನ್ನು ನೋಡಲಾಗದೆ ನಾನು ಎದ್ದುಹೋಗಿ ಟವೆಲ್ ತಂದು ಮುಚ್ಚಿದೆ.

ಕಾರಣ ಕಂಡುಹಿಡಿದವರು ಅವರೇ. ಒಂದು ಗೋಲಿ ತಂದು ನೆಲದ ಮೇಲೆ ಬಿಟ್ಟರು. ಅದು ಉರುಳಿ ಅಲ್ಲಿಗೇ ಹೋಗಿ ನಿಂತಿತು. ಕಣ್ಣಿಗೆ ಕಾಣದಷ್ಟು ತಗ್ಗು. ಇಳಿಜಾರಿನಲ್ಲಿ ಒಂದು ಅಂಗುಲ ಹೆಚ್ಚು ನಡೆಯಬಹುದು ಎಂಬ ನಿಯಮ ಇತ್ತಲ್ಲ, ಅದಕ್ಕೇ ಎಲ್ಲ ಅಲ್ಲಿಗೆ ಜಾರುತ್ತಿದ್ದವು. “ನೋಡು, ಲೆಕ್ಕ ಅಷ್ಟೆ,” ಎಂದು ನಕ್ಕರು. ನನಗೂ ಜೀವ ಬಂದಂತಾಯಿತು. ಆ ಸಂಜೆಯೇ ತಗ್ಗಿಗೆ ಪ್ಲಾಸ್ಟರ್ ತುಂಬಿ, ಒಣಗಿದ ಮೇಲೆ ಉಜ್ಜಿ ಸಮ ಮಾಡಿದೆ.

ಹತ್ತು ದಿನ ಕಳೆದು ಧೂಳು ಒರೆಸಲು ಹೋದಾಗ ನನ್ನ ಬೆರಳು ಒಳಕ್ಕೆ ಹೋಯಿತು. ನಾನು ತುಂಬಿದ ಪ್ಲಾಸ್ಟರ್ ಒಡೆದು, ಕೆಳಗಿನ ಥರ್ಮಾಕೋಲ್ ಕರಗಿ, ಮೇಜಿನ ಹಲಗೆಯವರೆಗೂ ದುಂಡಗೆ ತೂತು. ಅಕ್ರಿಲಿಕ್ ಕಲಸುವ ದ್ರವ ಬಿದ್ದರೆ ಥರ್ಮಾಕೋಲ್ ಹಾಗೆ ಕರಗುತ್ತದೆ, ನನಗೆ ಗೊತ್ತು. ಆದರೆ ಆ ಬಾಟಲಿಯನ್ನು ನಾನು ಲ್ಯಾಬಿನಿಂದ ಆಚೆ ತಂದವಳಲ್ಲ.

ಅದೇ ವಾರ ನಮ್ಮತ್ತೆ ಬಂದರು. ಹಲ್ಲೆಲ್ಲ ತೆಗೆಸಿಯಾಗಿತ್ತು, ಹೊಸ ಸೆಟ್ ನಾನೇ ಮಾಡಿಕೊಡುವುದೆಂದು ಮಾತಾಗಿತ್ತು. ಅವರು ಈಗಲೂ ಧರ್ಮಪುರದ ಕಡೆ ದೊಡ್ಡ ಮಗನ ಜೊತೆ ಕುರಿ ನೋಡಿಕೊಳ್ಳುವವರು, ನಾಲ್ಕು ದಿನ ಸುಮ್ಮನೆ ಕೂತರೆ ಮೈ ನೋವು ಎನ್ನುವವರು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಮನೆಯೆಲ್ಲ ಸುತ್ತಾಡುತ್ತ ಮೇಜಿನ ಹತ್ತಿರ ಬಂದವರು ಅಲ್ಲೇ ನಿಂತರು. ಬಹಳ ಹೊತ್ತು ನಿಂತರು. ಆಮೇಲೆ ಮಗನನ್ನು ಕರೆದರು.

“ಇದನ್ನ ಯಾಕಪ್ಪ ಮಾಡಿದೀಯ?”

“ಆಟಕ್ಕೆ, ಅವ್ವ.”

“ಈ ಗುಡ್ಡ, ಈ ಹಳ್ಳ ನಿನಗೆ ಯಾರು ತೋರಿಸಿದ್ರು? ಬಾವಿನೂ ಮಾಡಿದೀಯಲ್ಲೋ.” ಹಲ್ಲಿಲ್ಲದ ಬಾಯಿ, ಮಾತು ಗಾಳಿಯಾಗಿ ಬರುತ್ತಿತ್ತು. ಮೂರು ಕಲ್ಲನ್ನು ಮುಟ್ಟಿ, “ಇವೇನು? ಇವು ಅಲ್ಲಿಲ್ಲ,” ಎಂದರು.

“ಎಲ್ಲಿ, ಅವ್ವ?”

ಅತ್ತೆ ಕೆಳಗೆ ಕುಳಿತರು. ಆಮೇಲೆ ಹೇಳಿದರು. ಧರ್ಮಪುರಕ್ಕೆ ಬರುವ ಮೊದಲು ಅವರ ಸಂಸಾರ ಹೊಸದುರ್ಗದ ಕಡೆ ಇತ್ತು. ನನ್ನ ಗಂಡನಿಗೆ ಒಬ್ಬಳು ಅಕ್ಕ ಇದ್ದಳು, ಜ್ವರ ಬಂದು ಹೋದಳೆಂದು ಅವರು ಕೇಳಿದ್ದರು. ಅದು ಜ್ವರವಲ್ಲ. ಆರು ವರ್ಷದ ಹುಡುಗಿ ಕುರಿಗಳ ಹಿಂದೆ ಹೋದವಳು ಮಧ್ಯಾಹ್ನವಾದರೂ ಬರಲಿಲ್ಲ. ಆಗಿನ್ನೂ ಕೂಸಾಗಿದ್ದ ನನ್ನ ಗಂಡನನ್ನು ಬೆನ್ನಿಗೆ ಕಟ್ಟಿಕೊಂಡು ತಾಯಿ ಹುಡುಕುತ್ತ ಹೋದರು.

“ಕುರಿ ಮೇಯ್ತಿರ್ಲಿಲ್ಲ ಕಣವ್ವ,” ಎಂದು ನನ್ನ ಕಡೆ ತಿರುಗಿದರು. “ಹಾಳುಬಾವಿ ಸುತ್ತ ನಿಂತ್ಕಂಡು ಒಳಕ್ಕೆ ನೋಡ್ತಿದ್ವು. ಒಂದೂ ಅರಚ್ತಿರ್ಲಿಲ್ಲ. ಅವು ನಿಂತಿದ್ದು ನೋಡಿದ ತಕ್ಷಣ ನನಗೆ ಗೊತ್ತಾತು.”

ಮಂದೆ ಬಂದು ನಿಲ್ಲುವ ವಿಷಯ ನಾವು ಅವರಿಗೆ ಹೇಳಿಯೇ ಇರಲಿಲ್ಲ. ಬೊಂಬೆಗಳು ಡಬ್ಬದಲ್ಲಿದ್ದವು. ನನ್ನ ಗಂಡ ಗೋಡೆಗೆ ಒರಗಿ ನಿಂತು ತಮ್ಮ ಎರಡು ಕೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡರು.

ತಾಯಿಯ ಬೆನ್ನ ಮೇಲಿಂದ ಕಂಡದ್ದು ಎಲ್ಲೋ ಉಳಿದಿತ್ತು, ಕೈಯಲ್ಲಿ ಹೊರಬಂತು ಎಂದು ನಾವಿಬ್ಬರೂ ಹೇಳಿಕೊಂಡೆವು. ಹಾಗೆ ಹೇಳಿಕೊಂಡ ಮೇಲೆ ನಿದ್ದೆಯೂ ಬಂತು. ಅತ್ತೆಯ ಹಲ್ಲು ಕೂಡಿಸಿ ಮುಗಿಸಿದ ಮಾರನೆಯ ದಿನ ಅವರೇ, “ಒಂದ್ಸಲ ನೋಡ್ಕಂಡು ಬರಾಣ,” ಎಂದರು. ಹೊಸದುರ್ಗಕ್ಕೆ ಬಸ್ಸು, ಅಲ್ಲಿಂದ ಹಾಲುರಾಮೇಶ್ವರದ ದಾರಿಯಲ್ಲಿ ಅರ್ಧದವರೆಗೆ ಆಟೋ, ಆಮೇಲೆ ಹೊಲದ ಬದುವಿನ ಮೇಲೆ ಬಹಳ ದೂರ ನಡಿಗೆ. ರಸ್ತೆಯಿಂದ ಆ ಜಾಗ ಕಾಣುವುದೇ ಇಲ್ಲ. ಗುಡ್ಡದ ಮೇಲೆ ಗಾಳಿಯಂತ್ರಗಳ ರೆಕ್ಕೆ ತಿರುಗುತ್ತಿದ್ದವು, ಅವುಗಳ ನೆರಳು ನಮ್ಮ ಮೇಲೆ ಹಾದು ಹಾದು ಹೋಗುತ್ತಿತ್ತು.

ಬೋಳುಗುಡ್ಡ ಇತ್ತು. ಒಣಹಳ್ಳ ಇತ್ತು. ಬಾವಿ ಮುಚ್ಚಿಹೋಗಿ ಸಣ್ಣ ತಗ್ಗಾಗಿತ್ತು. ಅದರ ಪಕ್ಕ ಮೂರು ಕಲ್ಲು, ಸಾಲಾಗಿ.

ಅತ್ತೆ ನನ್ನ ರಟ್ಟೆ ಹಿಡಿದರು. “ಆಗ ಇವು ಇರ್ಲಿಲ್ಲವ್ವ. ದೇವರಾಣೆಗೂ ಇರ್ಲಿಲ್ಲ.”

ಆಚೆ ಹೊಲದಲ್ಲಿದ್ದ ರೈತನನ್ನು ನನ್ನ ಗಂಡ ಕೂಗಿ ಕರೆದು ಕೇಳಿದರು. ಅವನು ನಮ್ಮನ್ನು ಮೇಲಿಂದ ಕೆಳಗೆ ನೋಡಿ, “ಅವಾ? ನಾನೇ ನಿಲ್ಸಿದ್ದು ಸಾ. ಬಾವಿ ಮುಚ್ಚಿದ ಮ್ಯಾಲೆ ನೆಲ ಕುಸೀತಿತ್ತು, ಟ್ರ್ಯಾಕ್ಟರ್ ಇಳೀಬಾರ್ದು ಅಂತ ಗುರುತಿಗೆ. ನಾಲ್ಕೈದು ವರ್ಷ ಆತು,” ಎಂದ.

ನನ್ನ ಗಂಡ ಎಳೆಗೂಸಾಗಿ ಆ ಜಾಗ ಬಿಟ್ಟವರು ಮತ್ತೆ ಅತ್ತ ಕಾಲಿಟ್ಟಿರಲಿಲ್ಲ. ಅತ್ತೆ ಚೀಲದಿಂದ ಗಾಜಿನ ಬಳೆ ತೆಗೆದು ತಗ್ಗಿನಲ್ಲಿಟ್ಟು ಮಣ್ಣು ಎಳೆದರು. ಪುಟ್ಟ ಅಳತೆಯ ಬಳೆ. ಅದನ್ನು ಅವರು ಯಾವಾಗ ಕೊಂಡಿದ್ದರೋ.

ಮನೆಗೆ ಬಂದ ಮೇಲೆ ಆಟ ಬಿಟ್ಟುಬಿಡುತ್ತೇನೆ ಎಂದರು ನನ್ನ ಗಂಡ. ಅತ್ತೆ ಒಪ್ಪಲಿಲ್ಲ. “ಬಿಡಬ್ಯಾಡ ಕಣಪ್ಪ. ನಾನು ಇಷ್ಟು ವರ್ಷ ಅವಳ ಹೆಸರು ಬಾಯಿಗೆ ತರ್ಲಿಲ್ಲ. ನೀನಾರ ಆಡು.”

ನಾನು ಮೇಣ ತಂದು ಒಂದು ಹುಡುಗಿಯನ್ನು ಕೊರೆಯತೊಡಗಿದೆ. ಅತ್ತೆ ಪಕ್ಕದಲ್ಲಿ ಕುಳಿತು ಹೇಳುತ್ತಿದ್ದರು: ಲಂಗ ಇಷ್ಟುದ್ದ, ಕೈಯಲ್ಲಿ ಕೋಲು, ಒಂದು ಭುಜ ಕೊಂಚ ಇಳಿಜಾರು. ಎರಡು ದಿನ ಹಿಡಿಯಿತು. ಮುಖಕ್ಕೆ ಬಂದಾಗ ಮೂಗು ಹೇಗಿತ್ತು ಎಂದು ಕೇಳಿದೆ. ಅವರು ಕಣ್ಣು ಮುಚ್ಚಿ ಕುಳಿತರು.

“ಮರ್ತಿದೀನಿ. ಹಂಗೇ ಬಿಡವ್ವ.”

ಈಗ ಆಟ ಸಿದ್ಧವಾಗಿದೆ. ನೆಲವನ್ನು ಬೇರೆ ಮಾಡಿದ್ದೇವೆ, ಮರದ ಹಲಗೆಯ ಮೇಲೆ, ಪೂರ್ತಿ ಚಪ್ಪಟೆ. ಮೊನ್ನೆ ರಜೆಯಲ್ಲಿ ಅವರ ಶಾಲೆಯ ಇಬ್ಬರು ಸಹೋದ್ಯೋಗಿಗಳು ಆಡಲು ಬಂದಿದ್ದರು. ಇಬ್ಬರೂ ಮೈಮರೆತು ಆಡಿದರು, ಮಂದೆ ಮೇಜಿನ ತುಂಬ ಚೆದುರಿ ಓಡಿತು. ನಡುವೆ ಒಬ್ಬರು ಮುಖವಿಲ್ಲದ ಬೊಂಬೆಯನ್ನು ಎತ್ತಿ, “ಇವಳು ಯಾರ ಕಡೆಯವಳು ಸರ್?” ಎಂದು ಕೇಳಿದರು.

ನನ್ನ ಗಂಡ ಅದನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಮತ್ತೆ ಹಲಗೆಯ ಮೇಲಿಟ್ಟರು.

“ನಮ್ಮಕ್ಕ,” ಎಂದರು. ಆ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು.